ಕಾಯುವುದರ ಖರ್ಚು ಯಾರ ತಲೆಗೆ?

ಅಂಗವೈಕಲ್ಯ ಪಿಂಚಣಿಯ ಅರ್ಜಿಗಳನ್ನು ನೋಡುವ, ಮಂಜೂರು ಮಾಡುವ, ವಾಪಸ್ ಕಳಿಸುವ ಅಧಿಕಾರಿಗಳಿಗೆ ಮತ್ತು ಆ ಕಚೇರಿಗಳಿಗೆ ನಿಯಮ ಮಾಡಿಕೊಡುವ ಜನಪ್ರತಿನಿಧಿಗಳಿಗೆ,

ನಮಸ್ಕಾರ.

ಪಿಂಚಣಿಯ ಮೊತ್ತ ಏರಿಸಿ ಅಂತ ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಅದನ್ನು ಕೇಳುವವರು ಬೇರೆ ಇದ್ದಾರೆ, ಕೇಳಲಿ. ನನ್ನ ಪ್ರಶ್ನೆ ಇಷ್ಟೇ: ಅರ್ಜಿ ನಿಮ್ಮ ಕೈ ಸೇರಿದ ಮೇಲೆ ತಡವಾದರೆ, ಆ ತಡದ ಖರ್ಚನ್ನು ಯಾರು ಹೊರಬೇಕು? ಈಗ ಅದಷ್ಟನ್ನೂ ಅರ್ಜಿ ಹಾಕಿದವರೇ ಹೊರುತ್ತಿದ್ದಾರೆ. ಕಚೇರಿಗೆ ಬಿಡಿಗಾಸೂ ತಗಲುವುದಿಲ್ಲ. ಕೆಲವು ಕಡೆಯಂತೂ ತಡವಾದಷ್ಟೂ ಕಚೇರಿಗೆ ಉಳಿತಾಯ. ಇದೊಂದು ಬದಲಾಗುವ ತನಕ ಉಳಿದ ಯಾವ ಸುಧಾರಣೆಯೂ ನಿಲ್ಲುವುದಿಲ್ಲ ಅಂತ ನನಗೆ ಅನ್ನಿಸುತ್ತದೆ.

ನಾನು ಈ ಅರ್ಜಿಗಳನ್ನು ತುಂಬಿಕೊಡುವವಳು. ಸಂಬಳದ ಕೆಲಸವಲ್ಲ. ಕೈ ಆಡದವರು, ಕಣ್ಣು ಕಾಣದವರು, ಓದು ಬರಹ ಬಾರದವರು, ಫಾರಂ ನೋಡಿದರೇ ಗಾಬರಿಯಾಗುವವರು ಬರುತ್ತಾರೆ. ಕೂತು ಬರೆದುಕೊಡುತ್ತೇನೆ. ಆಮೇಲೆ ಅವರು ಕಾಯುತ್ತಾರೆ. ಕಾಯುವಾಗ ಮನೆಯಲ್ಲಿ ಏನಾಗುತ್ತದೆ ಅನ್ನುವುದು ನಿಮ್ಮ ಫೈಲಿನಲ್ಲಿ ಬರುವುದಿಲ್ಲ. ನನ್ನ ಕಣ್ಣಿಗೆ ಬೀಳುತ್ತದೆ.

ವಯಸ್ಸಾದವರ ಪಿಂಚಣಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇದೆ. ವಯಸ್ಸಾಗುವುದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಅಷ್ಟೋ ಇಷ್ಟೋ ತಯಾರಿ ಮಾಡಿಕೊಳ್ಳಬಹುದು. ಪಾರ್ಶ್ವವಾಯು ಹೇಳಿ ಕೇಳಿ ಬರುವುದಿಲ್ಲ. ಯಂತ್ರಕ್ಕೆ ಸಿಕ್ಕ ಕೈ ಮುನ್ಸೂಚನೆ ಕೊಟ್ಟಿರುವುದಿಲ್ಲ. ಒಂದೇ ದಿನದಲ್ಲಿ ದುಡಿಮೆ ನಿಲ್ಲುತ್ತದೆ, ಅದೇ ದಿನದಿಂದ ಖರ್ಚು ಏರುತ್ತದೆ. ಔಷಧಿ, ಓಡಾಟಕ್ಕೆ ಗಾಡಿ, ಎತ್ತಿ ಕೂರಿಸಲು ಒಬ್ಬರು. ಆ ಒಬ್ಬರು ಸಾಮಾನ್ಯವಾಗಿ ಮನೆಯವರೇ ಆಗಿರುತ್ತಾರೆ, ಹಾಗಾಗಿ ಅವರ ದುಡಿಮೆಯೂ ಹೋಗುತ್ತದೆ. ಅಂದರೆ ಈ ಅರ್ಜಿ ನಿಮ್ಮ ಕೌಂಟರಿಗೆ ಬರುವ ಹೊತ್ತಿಗೇ ಆ ಮನೆ ಕೈಲಿದ್ದ ದುಡ್ಡನ್ನು ಮುಗಿಸಿಕೊಂಡಿರುತ್ತದೆ. ಅಲ್ಲಿಂದ ಮುಂದೆ ನೀವು ತಗೊಳ್ಳುವ ಒಂದೊಂದು ತಿಂಗಳೂ ಸಾಲದ ತಿಂಗಳು.

ಹಾಗೆ ನೋಡಿದರೆ ಈ ತರಹದ ಪಿಂಚಣಿ ಹೊಸದೇನಲ್ಲ. ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾಲದಲ್ಲಿ, 1889ರಲ್ಲೇ, ದುಡಿಯಲಾಗದವರಿಗೂ ವಯಸ್ಸಾದವರಿಗೂ ಪಿಂಚಣಿ ಕೊಡುವ ವಿಮಾ ಕಾನೂನು ಬಂತು. ಅದರ ಹೆಸರಿನಲ್ಲಿ ಅಂಗವೈಕಲ್ಯ ಮೊದಲು, ವೃದ್ಧಾಪ್ಯ ಆಮೇಲೆ. 2006ರಲ್ಲಿ ವಿಶ್ವಸಂಸ್ಥೆ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡಿತು. 2008ರಲ್ಲಿ ಅದು ಜಾರಿಗೆ ಬಂತು. ಅದರ 28ನೇ ವಿಧಿ ಸಾಮಾಜಿಕ ರಕ್ಷಣೆ ಅಂಗವಿಕಲರ ಹಕ್ಕು ಅನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಲೆಕ್ಕದಲ್ಲಿ ಪ್ರಪಂಚದ ಸುಮಾರು 130 ಕೋಟಿ ಜನರಿಗೆ, ಅಂದರೆ 6 ಜನರಲ್ಲಿ ಒಬ್ಬರಿಗೆ, ಗಣನೀಯ ಮಟ್ಟದ ಅಂಗವೈಕಲ್ಯ ಇದೆ. ತೀವ್ರ ಅಂಗವೈಕಲ್ಯ ಇರುವವರಲ್ಲೂ ಮೂವರಲ್ಲಿ ಒಬ್ಬರಿಗೆ ಮಾತ್ರ ನಗದು ನೆರವು ಸಿಗುತ್ತಿದೆ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿತ್ತು. ಉಳಿದವರಲ್ಲಿ ಅರ್ಜಿಯನ್ನೇ ಹಾಕದವರು ತುಂಬ ಜನ ಇರುತ್ತಾರೆ. ಹಾಕಿ ಸುಸ್ತಾಗಿ ಕೈಬಿಟ್ಟವರೂ ಇರುತ್ತಾರೆ. ಈ ಎರಡನೆಯವರು ನನಗೆ ಚೆನ್ನಾಗಿ ಗೊತ್ತು.

ಕೈಬಿಡದಿದ್ದರೂ ಸುಸ್ತಾಗುವಷ್ಟು ಅಲೆದ ಒಬ್ಬರ ವಿಷಯ ಹೇಳುತ್ತೇನೆ. ಪಾರ್ಶ್ವವಾಯುವಿನಿಂದ ಬಲಗೈ, ಬಲಗಾಲು ಎರಡೂ ಬಿದ್ದುಹೋದ ಹೆಂಗಸು. ಹೊಲಿಗೆ ಅವರ ಕಸುಬಾಗಿತ್ತು. ಕಾಗದಪತ್ರ ಎಲ್ಲ ಸರಿಯಾಗಿತ್ತು, ನಾನೇ ಜೋಡಿಸಿಕೊಟ್ಟಿದ್ದೆ. ಬಲಗೈಲಿ ಸಹಿ ಮಾಡುತ್ತಿದ್ದವರು ಈಗ ಎಡಗೈಲಿ ಮಾಡಬೇಕು. ಫಾರಂನಲ್ಲಿ ಹಾಗೇ ಮಾಡಿದರು, ಅಕ್ಷರ ವಕ್ರವಕ್ರವಾಗಿ ಬಂತು. ತಿಂಗಳುಗಟ್ಟಲೆ ಏನೂ ಸುದ್ದಿಯಿಲ್ಲ. ಆಮೇಲೆ ಅರ್ಜಿ ವಾಪಸ್ ಬಂತು. ಕೆಂಪು ಶಾಯಿಯಲ್ಲಿ ಒಂದು ಷರಾ: ಅರ್ಜಿಯ ಸಹಿಯೂ ಬ್ಯಾಂಕಿನ ದಾಖಲೆಯ ಸಹಿಯೂ ತಾಳೆಯಾಗುವುದಿಲ್ಲ.

ಅದೇ ಫೈಲಿನಲ್ಲಿ, ಅದರ ಹಿಂದಿನ ಹಾಳೆಯಲ್ಲೇ, ಬಲಗೈಗೆ ಶಕ್ತಿ ಇಲ್ಲ ಅಂತ ವೈದ್ಯರು ಬರೆದುಕೊಟ್ಟಿದ್ದರು.

ನಾವು ಹೋಗಿ ಅದನ್ನು ತೋರಿಸಿದೆವು. ಕೌಂಟರಿನಲ್ಲಿದ್ದವರು ಒಳ್ಳೆಯವರೇ. "ಅಮ್ಮಾ, ನನಗೂ ಕಾಣುತ್ತೆ. ಆದರೆ ನಾನು ಹೇಳಿದರೆ ಆಗಲ್ಲ. ಬ್ಯಾಂಕಿಂದ ಹೊಸ ಸಹಿ ಮಾಡಿಸಿಕೊಂಡು ಬಂದು ಮತ್ತೆ ಹಾಕಿ" ಅಂದರು. ಬ್ಯಾಂಕಿನಲ್ಲಿ ಅದಕ್ಕೊಂದು ಸಾಲು, ಅದಕ್ಕೊಂದು ಅರ್ಜಿ. ಅದೆಲ್ಲ ಮುಗಿಸಿ ಮತ್ತೆ ಹಾಕುವ ಹೊತ್ತಿಗೆ ವೈದ್ಯರ ವರದಿ ಹಳೆಯದಾಗಿತ್ತು. ಹೊಸದು ತನ್ನಿ ಅಂದರು. ವರದಿ ಹಳೆಯದಾದದ್ದು ಯಾರ ಕೈಯಲ್ಲಿ ಇದ್ದಾಗ? ಕಚೇರಿಯ ಕೈಯಲ್ಲಿ. ಹೊಸ ವರದಿಗೆ ಅಲೆದವರು ಯಾರು? ಒಂದೇ ಕಾಲಿನ ಬಲದಲ್ಲಿ ನಿಲ್ಲುವ ಹೆಂಗಸು. ಹೊಸ ವರದಿಯಲ್ಲಿ ಏನಿತ್ತು? ಹಳೆಯದರಲ್ಲಿ ಇದ್ದದ್ದೇ.

ಇನ್ನೊಂದು ಮಾತು. ಹೊಸ ತಾರೀಖಿನಲ್ಲಿ ಹಾಕಿದ್ದರಿಂದ ಅದು ದಾಖಲೆಯಲ್ಲಿ ಹೊಸ ಅರ್ಜಿ. ಹಳೆಯದು "ವಿಲೇವಾರಿ" ಆಗಿದೆ. ಹಾಗಾಗಿ ಕಚೇರಿಯ ಪಟ್ಟಿಯಲ್ಲಿ ಈ ಹೆಂಗಸಿಗೆ ತಡವೇ ಆಗಿಲ್ಲ. ಬೇಗ ವಿಲೇವಾರಿಯಾದ ಎರಡು ಅರ್ಜಿಗಳು ಮಾತ್ರ ಇವೆ. ಮೇಲಿನವರು ಆ ಪಟ್ಟಿ ನೋಡಿ, ಎಲ್ಲ ಚೆನ್ನಾಗಿ ನಡೆಯುತ್ತಿದೆ ಅಂದುಕೊಳ್ಳುತ್ತಾರೆ. ದಯವಿಟ್ಟು ಈ ಲೆಕ್ಕ ನಂಬಬೇಡಿ. ಒಬ್ಬ ಮನುಷ್ಯ ಮೊದಲ ಸಲ ಅರ್ಜಿ ಕೊಟ್ಟ ದಿನದಿಂದ ಮೊದಲ ಸಲ ದುಡ್ಡು ಕೈಗೆ ಬಂದ ದಿನದವರೆಗೆ ಎಷ್ಟು ದಿನ ಆಯಿತು ಅಂತ ಎಣಿಸಿ. ನಡುವೆ ಎಷ್ಟು ಸಲ ವಾಪಸ್ ಹೋಗಿ ಬಂದರೂ ಗಡಿಯಾರ ನಿಲ್ಲಬಾರದು. ಇದೊಂದು ಲೆಕ್ಕ ಬದಲಾದರೆ ಸಾಕು, ಸುಮ್ನೆ ವಾಪಸ್ ಕಳಿಸುವುದು ಅರ್ಧಕ್ಕರ್ಧ ನಿಲ್ಲುತ್ತದೆ ಅಂತ ನನ್ನ ಅಂದಾಜು.

ತಡ ಮಾಡುವುದು ಕೆಟ್ಟ ಮನಸ್ಸಿನಿಂದ ಅಂತ ನಾನು ಹೇಳುತ್ತಿಲ್ಲ. ನಿಮ್ಮಲ್ಲಿ ಜನ ಕಮ್ಮಿ. ಒಬ್ಬರು ಮೂರು ಮೇಜಿನ ಕೆಲಸ ನೋಡುತ್ತೀರಿ. ವೈದ್ಯಕೀಯ ಮಂಡಳಿ ಸೇರುವುದು ಅಪರೂಪ, ಸೇರಿದ ದಿನ ಒಬ್ಬ ತಜ್ಞರು ಬಂದಿರುವುದಿಲ್ಲ. ಕಂಪ್ಯೂಟರಿನಲ್ಲಿ ಹಾಕಬೇಕಾದ ಅರ್ಜಿಯನ್ನು ಮೊದಲು ಕಾಗದದಲ್ಲಿ, ಆಮೇಲೆ ಮತ್ತೆ ಕಂಪ್ಯೂಟರಿನಲ್ಲಿ ತುಂಬುವ ಪಾಡು ನಿಮ್ಮದು. ಇದು ಬಡ ಸರ್ಕಾರಗಳ ಸಮಸ್ಯೆ ಅಂತಲೂ ತಿಳಿಯಬೇಡಿ. ಮಾಜಿ ಸೈನಿಕರ ಅಂಗವೈಕಲ್ಯದ ಅರ್ಜಿಗಳನ್ನು ನೋಡುವ ಅಮೆರಿಕದ ಇಲಾಖೆಯನ್ನೇ ತಗೊಳ್ಳಿ. 2012ರಲ್ಲಿ ಅದರ ತಪಾಸಣಾ ವಿಭಾಗದವರು ನಾರ್ತ್ ಕ್ಯಾರೊಲಿನಾದ ವಿನ್‌ಸ್ಟನ್-ಸೇಲಂ ಕಚೇರಿಗೆ ಹೋದಾಗ ಕಪಾಟುಗಳ ಒಳಗೆ ಜಾಗ ಸಾಲದೆ, ಅವುಗಳ ಮೇಲೆಯೇ ಸುಮಾರು 37,000 ಫೈಲುಗಳನ್ನು ಪೇರಿಸಿಟ್ಟಿದ್ದರು. ಅಷ್ಟು ಭಾರವನ್ನು ಕಟ್ಟಡದ ನೆಲ ತಡೆಯುವುದಿಲ್ಲ, ಅಲ್ಲಿ ಕೆಲಸ ಮಾಡುವವರಿಗೇ ಅಪಾಯ ಅಂತ ತಪಾಸಣೆಯವರು ಬರೆದರು. ಮರುವರ್ಷ ಮಾರ್ಚ್ ಹೊತ್ತಿಗೆ ಆ ಇಲಾಖೆಯಲ್ಲಿ 125 ದಿನ ದಾಟಿಯೂ ತೀರ್ಮಾನವಾಗದ ಅರ್ಜಿಗಳು ಆರು ಲಕ್ಷ ಮೀರಿದ್ದವು.

ಆಮೇಲೆ ಅವರು ಮಾಡಿದ್ದು ನೋಡಿ. 2013ರ ಏಪ್ರಿಲ್‌ನಲ್ಲಿ, ಒಂದು ವರ್ಷಕ್ಕಿಂತ ಹಳೆಯ ಅರ್ಜಿಗಳನ್ನು ಮೊದಲು ಕೈಗೆತ್ತಿಕೊಳ್ಳಿ ಅಂತ ಆದೇಶ ಬಂತು. ಫೈಲಿನಲ್ಲಿ ಇರುವ ಆಧಾರದ ಮೇಲೆಯೇ ತಾತ್ಕಾಲಿಕ ತೀರ್ಮಾನ ಕೊಡಿ, ದುಡ್ಡು ಶುರುವಾಗಲಿ, ಇನ್ನಷ್ಟು ದಾಖಲೆ ತರಲು ಅರ್ಜಿದಾರರಿಗೆ ಒಂದು ವರ್ಷ ಸಮಯ ಇರಲಿ ಅಂದರು. ಸಿಬ್ಬಂದಿಗೆ ಹೆಚ್ಚುವರಿ ಹೊತ್ತಿನ ಕೆಲಸ ಕಡ್ಡಾಯ ಮಾಡಿದರು. ಕಾಗದ ಬಿಟ್ಟು ಕಂಪ್ಯೂಟರಿಗೆ ಬಂದರು. 2015ರ ಹೊತ್ತಿಗೆ ಆ ಹಳೆಯ ರಾಶಿ ಒಂದು ಲಕ್ಷಕ್ಕಿಂತ ಕೆಳಗೆ ಇಳಿಯಿತು. ಇದರಲ್ಲಿ ಕುಂದೂ ಇತ್ತು. ಇತ್ತ ಅರ್ಜಿ ಕರಗಿಸುವ ಭರದಲ್ಲಿ ಅತ್ತ ಮೇಲ್ಮನವಿಗಳ ರಾಶಿ ಬೆಳೆಯಿತು. ಆದರೂ ಒಂದು ಮಾತು ಸಾಬೀತಾಯಿತು. ಮೇಲಿನವರು ಮನಸ್ಸು ಮಾಡಿದರೆ ಆರು ಲಕ್ಷದ ರಾಶಿಯೂ ಕರಗುತ್ತದೆ.

ಕರಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಅದೇ ದೇಶದಲ್ಲಿ ಲೆಕ್ಕ ಸಿಗುತ್ತದೆ. ಅಲ್ಲಿನ ಸರ್ಕಾರಿ ಲೆಕ್ಕ ತಪಾಸಣಾ ಕಚೇರಿ 2020ರಲ್ಲಿ ಒಂದು ವರದಿ ಕೊಟ್ಟಿತು. ಸಾಮಾಜಿಕ ಭದ್ರತೆಯ ಅಂಗವೈಕಲ್ಯ ಅರ್ಜಿ ತಿರಸ್ಕಾರವಾಗಿ, ಮೇಲ್ಮನವಿ ಹಾಕಿ, ಅಂತಿಮ ತೀರ್ಮಾನ ಬರುವ ಮೊದಲೇ ಸತ್ತುಹೋದವರು 2008ರಿಂದ 2019ರ ನಡುವೆ 1,09,725 ಜನ. 2014ರಿಂದ 2019ರ ನಡುವೆ, ಹಾಗೆ ಕಾಯುತ್ತಲೇ ದಿವಾಳಿ ಅಂತ ಕೋರ್ಟಿಗೆ ಅರ್ಜಿ ಕೊಟ್ಟವರು ಸುಮಾರು 48,000. ಕಾದದ್ದರಿಂದಲೇ ಎಲ್ಲರೂ ಸತ್ತರು ಅಂತ ಯಾರೂ ಹೇಳುವುದಿಲ್ಲ, ಅವರಲ್ಲಿ ತುಂಬ ಜನಕ್ಕೆ ಕಾಯಿಲೆ ಜೋರಾಗಿಯೇ ಇದ್ದಿರಬೇಕು. ಅದೇ ನನ್ನ ಮಾತು ಕೂಡ. ಕಾಯಿಲೆ ಅಷ್ಟು ಜೋರಾಗಿದ್ದವರನ್ನು ಅಷ್ಟು ದಿನ ಕಾಯಿಸಿದರು.

ಆ ಸಂಖ್ಯೆ ಓದಿ ನನಗೆ ಸಂಕಟವಾಯಿತು. ಜೊತೆಗೆ ಇನ್ನೊಂದೂ ಅನ್ನಿಸಿತು. ಅಲ್ಲಿ ಕೊನೇಪಕ್ಷ ಯಾರೋ ಎಣಿಸಿದರು. ನಿಮ್ಮ ಕಚೇರಿಯಲ್ಲಿ ತೀರ್ಮಾನಕ್ಕೆ ಮುಂಚೆ ಸತ್ತವರ ಅರ್ಜಿ ಏನಾಗುತ್ತದೆ? ನಾನು ನೋಡಿದ ಮಟ್ಟಿಗೆ "ಅರ್ಜಿದಾರರು ಮೃತರಾಗಿದ್ದಾರೆ, ಕಡತ ಮುಕ್ತಾಯ" ಅಂತ ಒಂದು ಸಾಲು ಬರೆದು ಮುಚ್ಚುತ್ತಾರೆ. ಅದೂ ವಿಲೇವಾರಿಯ ಲೆಕ್ಕಕ್ಕೇ ಸೇರುತ್ತದೆ. ಅವರು ಬದುಕಿದ್ದಾಗ ಅವರನ್ನು ನೋಡಿಕೊಂಡು ಸಾಲ ಮಾಡಿಕೊಂಡ ಮಗಳಿಗೋ ಹೆಂಡತಿಗೋ ಏನೂ ಸಿಗುವುದಿಲ್ಲ. ಸಾಲ ಮಾತ್ರ ಉಳಿಯುತ್ತದೆ.

ಕಾಯುವುದರಲ್ಲಿ ಹೊರಗಿನವರಿಗೆ ಕಾಣದ ಇನ್ನೊಂದು ಕಷ್ಟ ಇದೆ. ಅರ್ಜಿ ಹಾಕಿದವರು ಕೆಲಸ ಮಾಡಲು ಹೆದರುತ್ತಾರೆ. ಒಬ್ಬರಿಗೆ ಕೂತು ಮಾಡುವ ಸಣ್ಣ ಕೆಲಸ ಸಿಕ್ಕಿತ್ತು, ದಿನಕ್ಕೆ ಒಂದೆರಡು ಗಂಟೆ. "ಮಾಡಿದರೆ ಪಿಂಚಣಿ ಕಟ್ ಆಗುತ್ತಾ ಅಕ್ಕಾ?" ಅಂತ ನನ್ನನ್ನು ಕೇಳಿದರು. ಕಚೇರಿಯಲ್ಲಿ ಕೇಳಿದರೆ ಒಬ್ಬರು ಆಗುತ್ತೆ ಅಂದರು, ಒಬ್ಬರು ಆಗಲ್ಲ ಅಂದರು. ಕೊನೆಗೆ ಅವರು ಆ ಕೆಲಸ ಬಿಟ್ಟರು. ದುಡಿಮೆಯೂ ಇಲ್ಲ, ಪಿಂಚಣಿಯೂ ಇಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರು 2015ರಲ್ಲಿ ಇದನ್ನೇ ಲೆಕ್ಕ ಹಾಕಿ ತೋರಿಸಿದ್ದಾರೆ. ತೀರ್ಮಾನಕ್ಕೆ ಜಾಸ್ತಿ ಕಾದವರು ಆಮೇಲೆ ಕೆಲಸಕ್ಕೆ ಮರಳುವುದು ಕಮ್ಮಿ, ಗಳಿಕೆಯೂ ಕಮ್ಮಿ. ಅಂದರೆ ಪಿಂಚಣಿಗೆ ಅರ್ಹರಲ್ಲ, ನೀವು ದುಡಿಯಬಲ್ಲಿರಿ ಅಂತ ನೀವು ಹೇಳುವ ಹೊತ್ತಿಗೆ, ಅವರು ದುಡಿಯುವ ದಾರಿಯಿಂದಲೇ ದೂರ ಬಂದಿರಬಹುದು. ಇಲ್ಲ ಅನ್ನುವುದಾದರೂ ಬೇಗ ಅನ್ನಬೇಕು. ಬೇಗ ಇಲ್ಲ ಅಂದರೆ ಮನುಷ್ಯ ಮೇಲ್ಮನವಿಗೆ ಹೋಗುತ್ತಾನೆ, ಇಲ್ಲ ಬೇರೆ ದಾರಿ ಹುಡುಕುತ್ತಾನೆ. "ಪರಿಶೀಲನೆಯಲ್ಲಿದೆ" ಅಂದರೆ ಎರಡೂ ಆಗುವುದಿಲ್ಲ.

ತಡ ಮಾಡುವುದೇ ತಪ್ಪು ಅನ್ನುವುದನ್ನು ಕೋರ್ಟುಗಳೂ ಒಪ್ಪಿಕೊಂಡಿವೆ. ಬ್ರಿಟನ್ನಿನಲ್ಲಿ 2013ರಲ್ಲಿ ಹೊಸ ಅಂಗವೈಕಲ್ಯ ಭತ್ಯೆ ಶುರುವಾಯಿತು. ಮೊದಲ ವರ್ಷದಲ್ಲೇ ಅರ್ಜಿಗಳು ರಾಶಿ ಬಿದ್ದವು. ಇಬ್ಬರು ಹೈಕೋರ್ಟಿಗೆ ಹೋದರು, ಅವರಲ್ಲಿ ಒಬ್ಬರು 13 ತಿಂಗಳು ಕಾದಿದ್ದರು. 2015ರ ಜೂನ್‌ನಲ್ಲಿ ಕೋರ್ಟು ಅಷ್ಟು ತಡ ಮಾಡಿದ್ದು ಕಾನೂನಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯದಲ್ಲಿ ಇನ್ನೂ ಕಷ್ಟವಾಗಿತ್ತು. ಅಲ್ಲಿ ಅಂಗವಿಕಲರು ತಮ್ಮ ಅರ್ಜಿಗೆ ಹೌದೋ ಅಲ್ಲವೋ ಒಂದು ಉತ್ತರ ಕೊಡಿಸಿ ಅಂತಲೇ ಕೋರ್ಟಿಗೆ ಸಾಲುಗಟ್ಟಿ ಬರಬೇಕಾಯಿತು. ವುಮಝೋಂಕೆ ಪ್ರಕರಣದಲ್ಲಿ ನ್ಯಾಯಾಧೀಶ ಪ್ಲಾಸ್ಕೆಟ್ ಅವರು, ಎಷ್ಟು ಆದೇಶ ಬಂದರೂ ಇಲಾಖೆ ಬದಲಾಗುತ್ತಿಲ್ಲ ಅಂತ ಬೇಸರದಿಂದ ಬರೆದರು. ತೀರ್ಪಿನ ಪ್ರತಿಯನ್ನು ಮಾನವ ಹಕ್ಕುಗಳ ಆಯೋಗಕ್ಕೂ ಕಳಿಸಲು ಹೇಳಿದರು. ಭಾರತದ ಸುಪ್ರೀಂ ಕೋರ್ಟು 1982ರ ನಕಾರಾ ಪ್ರಕರಣದಲ್ಲಿ, ಪಿಂಚಣಿ ಅನ್ನುವುದು ಕೊಡುವವರ ಮರ್ಜಿಯ ಮೇಲೆ ಸಿಗುವ ದಾನವಲ್ಲ ಅಂದಿತು. ಅದು ಸರ್ಕಾರಿ ನೌಕರರ ಪಿಂಚಣಿಯ ವಿಷಯ. ಆ ಮಾತು ಇಲ್ಲಿ ಇನ್ನೂ ಜಾಸ್ತಿ ಸಲ್ಲಬೇಕು ಅಲ್ವಾ?

ಆದರೆ ಕೋರ್ಟಿಗೆ ಹೋಗುವುದು ಎಷ್ಟು ಜನಕ್ಕೆ ಸಾಧ್ಯ? ನಾನು ಅರ್ಜಿ ತುಂಬಿಕೊಟ್ಟವರಲ್ಲಿ ವಕೀಲರ ಮೆಟ್ಟಿಲು ಹತ್ತಬಲ್ಲವರು ಯಾರೂ ಇರಲಿಲ್ಲ. ಮೆಟ್ಟಿಲನ್ನೇ ಹತ್ತಲಾಗದವರು ಸುಮಾರು ಜನ. ಹಾಗಾಗಿ ತಡವಾದರೆ ಏನಾಗಬೇಕು ಅನ್ನುವುದು ನಿಯಮದಲ್ಲೇ ಇರಬೇಕು. ಯಾರೂ ಕೇಳದಿದ್ದರೂ ತಾನಾಗಿ ನಡೆಯಬೇಕು.

ಇದು ಆಗದ ಮಾತಲ್ಲ. ಅಮೆರಿಕದಲ್ಲೇ, ಅಷ್ಟೊಂದು ತಡವಾಗುವ ಆ ವ್ಯವಸ್ಥೆಯ ಒಳಗೇ, ಬಡ ಅಂಗವಿಕಲರ ಯೋಜನೆಯಲ್ಲಿ ಒಂದು ಒಳ್ಳೆಯ ನಿಯಮ ಇದೆ. ಅರ್ಜಿ ಹಾಕಿದವರ ಸ್ಥಿತಿ ನೋಡಿದರೇ ಮಂಜೂರಾಗುವ ಸಾಧ್ಯತೆ ಜಾಸ್ತಿ ಅನ್ನಿಸಿದರೆ, ಪೂರ್ತಿ ತೀರ್ಮಾನಕ್ಕೆ ಕಾಯದೆ 6 ತಿಂಗಳವರೆಗೆ ದುಡ್ಡು ಕೊಡಬಹುದು. ಕಾಲು ಸೊಂಟದವರೆಗೆ ಹೋದವರು, ಪೂರ್ತಿ ಕುರುಡಾದವರು, ಇಂಥವರಿಗೆ. ಕೊನೆಗೆ ಅಂಗವೈಕಲ್ಯ ಸಾಲದು ಅಂತ ಅರ್ಜಿ ತಿರಸ್ಕಾರವಾದರೂ ಆ ದುಡ್ಡನ್ನು ವಾಪಸ್ ಕೇಳುವುದಿಲ್ಲ. ಜೊತೆಗೆ 2008ರಿಂದ ಅವರು ಕಾಯಿಲೆಗಳ ಒಂದು ಪಟ್ಟಿ ಇಟ್ಟುಕೊಂಡಿದ್ದಾರೆ. ಶುರುವಿನಲ್ಲಿ 50 ಕಾಯಿಲೆಗಳಿದ್ದವು, ಈಗ ಅದರ ಹಲವು ಪಟ್ಟು ಆಗಿವೆ. ಆ ಪಟ್ಟಿಯಲ್ಲಿರುವ ಕಾಯಿಲೆ ಅಂತ ದಾಖಲೆ ಇದ್ದರೆ ಅರ್ಜಿ ಸಾಲು ಬಿಟ್ಟು ಮುಂದೆ ಹೋಗುತ್ತದೆ. ಸ್ನಾಯುಗಳು ಒಂದೊಂದಾಗಿ ಸೋಲುತ್ತಾ ಹೋಗುವ ಎಎಲ್‌ಎಸ್ ಕಾಯಿಲೆಯವರಿಗೆ, ಅಲ್ಲಿನ ಅಂಗವೈಕಲ್ಯ ವಿಮೆಯಲ್ಲಿ ಇದ್ದ 5 ತಿಂಗಳ ಕಡ್ಡಾಯ ಕಾಯುವಿಕೆಯನ್ನೇ 2020ರ ಕೊನೆಯಲ್ಲಿ ಕಾನೂನು ಮಾಡಿ ತೆಗೆದರು.

ಜರ್ಮನಿಯಲ್ಲಿ 6 ತಿಂಗಳಾದರೂ ಸಕಾರಣವಿಲ್ಲದೆ ಅರ್ಜಿಗೆ ಉತ್ತರ ಕೊಡದಿದ್ದರೆ ಕಚೇರಿಯ ಮೇಲೆ ಸಾಮಾಜಿಕ ನ್ಯಾಯಾಲಯದಲ್ಲಿ ದಾವೆ ಹಾಕಬಹುದು. ಉತ್ತರವನ್ನೇ ಕೊಟ್ಟಿಲ್ಲ ಅನ್ನುವುದೇ ದಾವೆಯ ಕಾರಣ. ಹಕ್ಕು ಇರುವುದು ಖಚಿತ, ಮೊತ್ತದ ಲೆಕ್ಕ ಮಾತ್ರ ಬಾಕಿ ಅನ್ನುವಾಗ ಮುಂಗಡ ಕೊಡಲು ಅವಕಾಶ ಇದೆ. ತಡವಾಗಿ ಕೊಟ್ಟ ದುಡ್ಡಿಗೆ ವರ್ಷಕ್ಕೆ 4 ಶೇಕಡಾ ಬಡ್ಡಿ. ಬಡ್ಡಿ ಅಂದ ತಕ್ಷಣ ಕಚೇರಿಯ ಲೆಕ್ಕಪುಸ್ತಕದಲ್ಲಿ ತಡಕ್ಕೊಂದು ಬೆಲೆ ಬರುತ್ತದೆ ನೋಡಿ. ಅರ್ಜಿದಾರರ ಮನೆಯಲ್ಲಿ ಆ ಬೆಲೆ ಯಾವಾಗಲೂ ಇತ್ತು. ಕರ್ನಾಟಕದ 2011ರ ಸಕಾಲ ಕಾಯ್ದೆಯೂ ಇದೇ ದಿಕ್ಕಿನದು. ಗೊತ್ತುಮಾಡಿದ ಅವಧಿ ಮೀರಿದರೆ ಅಧಿಕಾರಿಯಿಂದ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ, ಅರ್ಜಿದಾರರಿಗೆ ಸಿಗಬೇಕು ಅಂತ ಅದು ಹೇಳುತ್ತದೆ. ಮೊತ್ತ ಚಿಕ್ಕದು. ಕೇಳಿ ಪಡೆಯುವವರೂ ಕಮ್ಮಿ, ಯಾಕೆಂದರೆ ನಾಳೆ ಅದೇ ಕೌಂಟರಿಗೆ ಮತ್ತೆ ಹೋಗಬೇಕಲ್ಲ. ಆದರೂ ತಡದ ಹೊರೆಯನ್ನು ಸರಿಯಾದ ಕಡೆಗೆ ತಿರುಗಿಸಿದ ಕಾನೂನು ಅದು.

ಇಲ್ಲಿ ನಿಮ್ಮ ಕಡೆಯಿಂದ ಬರುವ ಒಂದು ಮಾತು ನನಗೆ ಗೊತ್ತು. ಸುಳ್ಳು ಅರ್ಜಿಗಳು ಬರುತ್ತವೆ, ಚೆನ್ನಾಗಿ ಪರಿಶೀಲಿಸದೆ ಸಾರ್ವಜನಿಕರ ದುಡ್ಡು ಕೊಡಲಾಗುವುದಿಲ್ಲ ಅಂತೀರಿ. ಪರಿಶೀಲಿಸಿ. ನಾನು ಬೇಡ ಅನ್ನುವುದಿಲ್ಲ. ಸುಳ್ಳು ಪ್ರಮಾಣಪತ್ರ ಮಾಡಿಸಿಕೊಂಡು ಬರುವವರನ್ನು ಕಂಡರೆ ನಿಮಗಿಂತ ಜಾಸ್ತಿ ಸಿಟ್ಟು ನನಗೆ ಬರುತ್ತದೆ. ಆದರೆ ಫೈಲು ಮೇಜಿನ ಮೇಲೆ ಮಲಗಿರುವಾಗ ಯಾವ ಪರಿಶೀಲನೆಯೂ ನಡೆಯುತ್ತಿರುವುದಿಲ್ಲ. ಕಾಯಿಸುವುದರಿಂದ ಸುಳ್ಳು ಹೊರಬರುವುದಿಲ್ಲ. ಸುಳ್ಳು ಹೇಳುವವರಿಗೆ ಬೇರೆ ದುಡಿಮೆ ಇರುತ್ತದೆ, ಅವರು ಎಷ್ಟು ದಿನ ಬೇಕಾದರೂ ಕಾಯುತ್ತಾರೆ. ಕಾಯಲಾಗದೆ ಕೈಬಿಡುವವರು ನಿಜವಾಗಿ ಕಷ್ಟದಲ್ಲಿರುವವರು. ಸಾಲನ್ನು ಉದ್ದ ಮಾಡಿದಷ್ಟೂ ಅದರಲ್ಲಿ ಕೊನೆಯವರೆಗೆ ನಿಲ್ಲುವವರು ಯಾರು ಅಂತ ಒಮ್ಮೆ ಯೋಚಿಸಿ.

ಮನಸ್ಸಿನ ಕಾಯಿಲೆ ಇರುವವರ ಪಾಡಂತೂ ಬೇರೆಯೇ. ಅವರ ಅಂಗವೈಕಲ್ಯ ಕೌಂಟರಿನವರ ಕಣ್ಣಿಗೆ ಕಾಣುವುದಿಲ್ಲ. ಒಂದು ದಿನ ಚೆನ್ನಾಗಿರುತ್ತಾರೆ, ಒಂದು ದಿನ ಹಾಸಿಗೆಯಿಂದ ಏಳುವುದಿಲ್ಲ. ವಿಚಾರಣೆಗೆ ಕರೆದ ದಿನ ಅವರು ಚೆನ್ನಾಗಿದ್ದರೆ ಅರ್ಜಿ ಹೋಯಿತು. ಚೆನ್ನಾಗಿಲ್ಲದಿದ್ದರೆ ಅವರು ಬರುವುದೇ ಇಲ್ಲ, "ಗೈರುಹಾಜರು" ಅಂತ ಬರೆದು ಆಗಲೂ ಅರ್ಜಿ ಹೋಯಿತು. ಕುಷ್ಠದಿಂದ ಬೆರಳು ಕಳೆದುಕೊಂಡವರ ಬೆರಳಚ್ಚು ಯಂತ್ರದಲ್ಲಿ ಬೀಳುವುದಿಲ್ಲ. ಕಾಲು ಕತ್ತರಿಸಿದವರನ್ನು ಮತ್ತೆ ಮತ್ತೆ ತಪಾಸಣೆಗೆ ಕರೆಯುತ್ತೀರಿ. ಕತ್ತರಿಸಿದ ಕಾಲು ಬೆಳೆಯುವುದಿಲ್ಲ ಸ್ವಾಮಿ. ಗುಣವಾಗದ ಸ್ಥಿತಿ ಅಂತ ಒಮ್ಮೆ ವೈದ್ಯರು ಬರೆದ ಮೇಲೆ ಮತ್ತೆ ಕರೆಯಬೇಡಿ. ಆ ತಪಾಸಣೆಗಳ ಹೊತ್ತು ಉಳಿದರೆ ಹೊಸ ಅರ್ಜಿಗಳು ಎಷ್ಟು ಮುಂದೆ ಹೋಗುತ್ತವೆ!

ಹಾಗಾದರೆ ಏನು ಮಾಡಬೇಕು ಅಂತ ಕೇಳಿದರೆ, ನನ್ನ ಬೇಡಿಕೆಗಳು ದೊಡ್ಡವಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಪಿಂಚಣಿ ಅರ್ಜಿ ಕೊಟ್ಟ ದಿನದಿಂದ ಲೆಕ್ಕವಾಗಲಿ. ಮಂಜೂರಾತಿ ಆದೇಶದ ದಿನದಿಂದ ಕೊಡುವ ಕಡೆಗಳಲ್ಲಿ, ನೀವು ತಡ ಮಾಡಿದ ಪ್ರತಿ ತಿಂಗಳ ದುಡ್ಡೂ ಖಜಾನೆಯಲ್ಲೇ ಉಳಿಯುತ್ತದೆ. ಇದನ್ನು ನಾನು ಅರ್ಥಮಾಡಿಕೊಂಡಿದ್ದು ನಿಧಾನವಾಗಿ. ಆ ಹೊಲಿಗೆಯ ಹೆಂಗಸಿಗೆ ಕೊನೆಗೂ ಆದೇಶ ಬಂದಾಗ ನಾವೆಲ್ಲ ಖುಷಿಪಟ್ಟೆವು. ಆಮೇಲೆ ಓದಿ ನೋಡಿದರೆ, ಆದೇಶದ ತಾರೀಖಿನಿಂದ ಅಂತ ಇತ್ತು. ಅವರು ಕಾದ ಅಷ್ಟೂ ಕಾಲಕ್ಕೆ ಏನೂ ಇಲ್ಲ. ತಪ್ಪು ಅವರದ್ದು ಒಂದೂ ಇರಲಿಲ್ಲ. ಬಂದ ಮೊದಲ ಕಂತು ನೇರವಾಗಿ ಸಾಲ ಕೊಟ್ಟವರ ಕೈಗೆ ಹೋಯಿತು. ಹಿಂದಿನ ಬಾಕಿ ಕೊಡುವ ನಿಯಮ ಬಂದರೆ ಇದು ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ತಡ ಮಾಡಿ ಉಳಿಸುವ ದಾರಿ ಮುಚ್ಚುತ್ತದೆ.

ಆಮೇಲೆ, ಒಂದು ಗಡುವು ಇರಲಿ, ಗಡುವು ದಾಟಿದ ದಿನವೇ ತಾತ್ಕಾಲಿಕ ಪಿಂಚಣಿ ತಾನಾಗಿ ಶುರುವಾಗಲಿ. ತೀರ್ಮಾನ ಬೇರೆಯಾದರೆ ಆಗ ನಿಲ್ಲಿಸಿ. ಅರ್ಜಿದಾರರು ಸುಳ್ಳು ಹೇಳಿರದ ಹೊರತು ಕೊಟ್ಟದ್ದನ್ನು ವಾಪಸ್ ಕೇಳಬೇಡಿ. ಕೊಕ್ಕೆ ಹಾಕುವುದಿದ್ದರೆ ಎಲ್ಲವನ್ನೂ ಒಂದೇ ಸಲ, ಒಂದೇ ಪತ್ರದಲ್ಲಿ, ಅರ್ಥವಾಗುವ ಮಾತಿನಲ್ಲಿ ಬರೆದು ತಿಳಿಸಿ. ಮೊದಲು ಸಹಿ, ಆಮೇಲೆ ಹೆಸರಿನ ಒಂದು ಅಕ್ಷರ, ಆಮೇಲೆ ಫೋಟೋ ಅಂತ ಕಂತಿನಲ್ಲಿ ಹೇಳಬೇಡಿ. ಅರ್ಜಿ ತಗೊಳ್ಳುವಾಗ ಚಾಲ್ತಿಯಲ್ಲಿದ್ದ ವರದಿ ತೀರ್ಮಾನದ ದಿನಕ್ಕೂ ನಡೆಯಬೇಕು. ಸರ್ಕಾರದ ಒಂದು ಕಚೇರಿಯಲ್ಲಿ ಇರುವ ದಾಖಲೆಯನ್ನು ಇನ್ನೊಂದು ಕಚೇರಿಗೆ ಹೊತ್ತು ತರುವ ಕೆಲಸವನ್ನು ನಡೆಯಲಾಗದವರಿಗೆ ಕೊಡಬೇಡಿ. ಕಾಯುತ್ತಲೇ ತೀರಿಕೊಂಡವರ ಅರ್ಜಿಗೂ ತೀರ್ಮಾನ ಕೊಡಿ, ಅವರಿಗೆ ಸಲ್ಲಬೇಕಾಗಿದ್ದನ್ನು ಅವರನ್ನು ನೋಡಿಕೊಂಡವರಿಗೆ ಕೊಡಿ.

ಜನ ಸಾಲದಿದ್ದರೆ ನೇಮಿಸಿ. ಜನಪ್ರತಿನಿಧಿಗಳೇ, ಈ ಮಾತು ನಿಮಗೆ. ಹೊಸ ಯೋಜನೆ ಘೋಷಿಸುವಾಗ ಎಷ್ಟು ಫಲಾನುಭವಿಗಳು ಅಂತ ಹೇಳುತ್ತೀರಿ. ಆ ಅರ್ಜಿಗಳನ್ನು ನೋಡಲು ಎಷ್ಟು ಜನ ಗುಮಾಸ್ತರು, ಎಷ್ಟು ವೈದ್ಯರು ಅಂತ ಹೇಳಿದ್ದನ್ನು ನಾನು ಕೇಳಿಲ್ಲ. ಕೌಂಟರಿನಲ್ಲಿ ಕೂತವರ ಮೇಲೆ ಎಲ್ಲ ಸಿಟ್ಟೂ ಬೀಳುತ್ತದೆ. ಅವರ ಕೈಯಲ್ಲಿ ತೀರ್ಮಾನ ಮಾಡುವ ಅಧಿಕಾರವೇ ಇರುವುದಿಲ್ಲ. ಎದುರಿಗೆ ಕಾಣುವುದನ್ನು ಬರೆದುಕೊಳ್ಳುವ ಅಷ್ಟು ಅಧಿಕಾರವನ್ನಾದರೂ ಅವರಿಗೆ ಕೊಡಿ. ಬಲಗೈ ಆಡುವುದಿಲ್ಲ, ಹಾಗಾಗಿ ಸಹಿ ಬದಲಾಗಿದೆ ಅಂತ ಆ ಕೌಂಟರಿನವರು ಒಂದು ಸಾಲು ಬರೆದು ಮುಂದೆ ಕಳಿಸುವಂತಿದ್ದರೆ, ಆ ಹೆಂಗಸು ಅಷ್ಟೆಲ್ಲ ಅಲೆಯಬೇಕಿರಲಿಲ್ಲ.

ಇವುಗಳಲ್ಲಿ ಕೆಲವಕ್ಕೆ ಕಾನೂನು ತಿದ್ದಬೇಕು, ಹೊತ್ತು ಹಿಡಿಯುತ್ತದೆ, ಗೊತ್ತು. ಒಂದಕ್ಕೆ ಮಾತ್ರ ಯಾವ ತಿದ್ದುಪಡಿಯೂ ಬೇಡ. ನಿಮ್ಮ ಕಚೇರಿಯಲ್ಲಿ ಈಗ ಬಾಕಿ ಇರುವ ಅರ್ಜಿಗಳನ್ನು ಮೊದಲ ಸಲ ಕೊಟ್ಟ ತಾರೀಖಿನ ಪ್ರಕಾರ ಜೋಡಿಸಿ. ಹೆಸರು ಬೇಡ, ತಾರೀಖು ಮತ್ತು ಫೈಲು ಎಲ್ಲಿ ನಿಂತಿದೆ ಅನ್ನುವುದು ಸಾಕು. ವಾಪಸ್ ಕಳಿಸಿ ಮುಚ್ಚಿದವು, ಅರ್ಜಿದಾರರು ಸತ್ತರು ಅಂತ ಮುಚ್ಚಿದವು, ಅವೂ ಇರಲಿ. ಆ ಪಟ್ಟಿಯನ್ನು ಎಲ್ಲರಿಗೂ ಕಾಣುವ ಕಡೆ ಹಾಕಿ, ಪ್ರತಿ ತಿಂಗಳು ಹೊಸದು ಮಾಡಿ, ಎಲ್ಲಕ್ಕಿಂತ ಹಳೆಯ ಅರ್ಜಿಯಿಂದ ಕೆಲಸ ಶುರುಮಾಡಿ. ಈ ಪತ್ರಕ್ಕೆ ಉತ್ತರ ಕೊಡುವ ಮನಸ್ಸಿದ್ದರೆ ಆ ಪಟ್ಟಿಯನ್ನೇ ಕೊಡಿ.

ಇಂತಿ,
ಅರ್ಜಿ ತುಂಬಿಕೊಡುವ ಒಬ್ಬಳು